ದಾವಣಗೆರೆಯ ಹಕ್ಕಿ ಅಂಗಡಿ: ನಾಲ್ಕು ಸ್ಟಾರ್ ಯಾಕೆ, ಐದು ಯಾಕಿಲ್ಲ

ಐದರಲ್ಲಿ ನಾಲ್ಕು ಸ್ಟಾರ್. ಹಕ್ಕಿಗಳು ಗೆಲುವಾಗಿವೆ, ಅಂಗಡಿ ಚೊಕ್ಕವಾಗಿದೆ, ರೇಟೂ ಪರವಾಗಿಲ್ಲ. ಇಷ್ಟೇ ಹೇಳುವುದಿದ್ದರೆ ನಾನು ಬರೆಯುತ್ತಿರಲಿಲ್ಲ. ಹೊರದೇಶದ ಗಿಳಿ ಮಾರುವ ಅಂಗಡಿಯಲ್ಲಿ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಇಲ್ಲಿಂದ ಹೋದ ಹಕ್ಕಿ ನಾಳೆ ಊರಿನ ಮರ ಸೇರದ ಹಾಗೆ ನೀವು ಏನು ಮಾಡುತ್ತೀರಿ? ಎಷ್ಟೋ ಕಡೆ ಇದನ್ನು ಕೇಳಿದರೆ ಸುಮ್ನೆ ಮುಖ ನೋಡುತ್ತಾರೆ. ಇಲ್ಲಿ ಉತ್ತರ ಸಿಕ್ಕಿತು. ಪೂರ್ತಿ ಅಲ್ಲ, ಆದರೆ ಸಿಕ್ಕಿತು.

ಅಂಗಡಿ ಹಳೇ ದಾವಣಗೆರೆ ಕಡೆ ಒಂದು ಗಲ್ಲಿಯಲ್ಲಿದೆ. ಬೋರ್ಡಿನ ಮೇಲಿನ ಹೆಸರು ಯಾರೂ ಹೇಳಲ್ಲ, ಹಕ್ಕಿ ಅಂಗಡಿ ಅಂದರೆ ತೋರಿಸುತ್ತಾರೆ. ಗಾಡಿ ನಿಲ್ಲಿಸಲು ಜಾಗ ಇಲ್ಲ. ಅಣ್ಣನ ಮಗಳಿಗೆ ಒಂದು ಜೋಡಿ ಕಾಕಟೀಲ್, ಅಂದರೆ ತಲೆಯ ಮೇಲೆ ಜುಟ್ಟಿರುವ ಸಣ್ಣ ಗಿಳಿ, ಬೇಕಿತ್ತು, ಅದಕ್ಕೇ ಹೋಗಿದ್ದು.

ಒಳಗೆ ಹೋಗಲು ಎರಡು ಬಾಗಿಲು. ಮೊದಲು ಗಾಜಿನದು, ಮೂರು ಹೆಜ್ಜೆ ಬಿಟ್ಟು ಜಾಲರಿಯದು. ಹಿಂದಿನದು ಮುಚ್ಚುವ ತನಕ ಮುಂದಿನದು ತೆಗೆಯಲು ಅಲ್ಲಿಯ ಹುಡುಗ ಬಿಡುವುದಿಲ್ಲ. ಕೈಯಲ್ಲಿ ಚೀಲ ಇದೆ, ಮಗು ಇದೆ ಅಂದರೂ ಬಿಡಲ್ಲ. ಕೆಲವರಿಗೆ ಸಿಟ್ಟು ಬರುತ್ತದೆ, ನನಗೆ ಖುಷಿಯಾಯಿತು. ಪಂಜರದಿಂದ ತಪ್ಪಿಸಿಕೊಂಡ ಹಕ್ಕಿ ರಸ್ತೆಗೆ ಹೋಗದೆ ಅಲ್ಲೇ ಉಳಿಯಲು ಇದಕ್ಕಿಂತ ಸುಲಭದ ಉಪಾಯ ಇಲ್ಲ. ಮನೆಯ ಬಾಲ್ಕನಿಯಲ್ಲಿ ಹಕ್ಕಿ ಸಾಕುವವರೂ ಇದನ್ನು ಮಾಡಿಕೊಳ್ಳಬಹುದು, ಎರಡನೇ ಬಾಗಿಲಿನ ಬದಲು ದಪ್ಪ ಬಲೆಯ ಪರದೆ ಇದ್ದರೂ ನಡೆಯುತ್ತದೆ.

ಒಂದು ಗಿಳಿ ಹಾರಿ ಹೋದರೆ ಇಷ್ಟೆಲ್ಲ ಯಾಕೆ ಅಂತ ಕೇಳುವವರು ನಮ್ಮದೇ ಗಿಳಿಯ ಕಥೆ ಕೇಳಬೇಕು. ದಾವಣಗೆರೆ ಸುತ್ತ ಮೆಕ್ಕೆಜೋಳ ಹಾಲುಗಾಳು ಕಟ್ಟಿದಾಗ ಹಿಂಡುಹಿಂಡಾಗಿ ಬೀಳುತ್ತದಲ್ಲ, ಕೊರಳಿಗೆ ಗುಲಾಬಿ ಪಟ್ಟಿ ಇರುವ ಹಸಿರು ಗಿಳಿ, ಅದೇ ಇವತ್ತು ಲಂಡನ್ನಿನ ಪಾರ್ಕುಗಳಲ್ಲಿ ಕಿರುಚಿಕೊಂಡು ಹಾರಾಡುತ್ತಿದೆ. ಯಾರೂ ಲೆಕ್ಕ ಹಾಕಿ ತಂದು ಬಿಟ್ಟಿದ್ದಲ್ಲ. ಸಾಕಲು ತಂದವು ಅಲ್ಲೊಂದು ಇಲ್ಲೊಂದು ತಪ್ಪಿಸಿಕೊಂಡವು, ಕೆಲವನ್ನು ಜನರೇ ಬಿಟ್ಟರು. 1969ರಲ್ಲಿ ಅವು ಇಂಗ್ಲೆಂಡಿನಲ್ಲಿ ಹೊರಗೆ ಮರಿ ಮಾಡಿದ ದಾಖಲೆ ಇದೆ. ಈಗ ಅಲ್ಲಿ ಸಾವಿರಾರು ಜೋಡಿ. ಬ್ರಸೆಲ್ಸ್‌ನಲ್ಲಿ 1974ರಲ್ಲಿ ಒಂದು ಮನರಂಜನಾ ಪಾರ್ಕಿನವರು ಊರಿಗೆ ಬಣ್ಣ ಬರಲಿ ಅಂತ ಸುಮಾರು 40 ಗಿಳಿ ಬಿಟ್ಟರು. ಅಲ್ಲೂ ಇವತ್ತು ಸಾವಿರಗಟ್ಟಲೆ ಇವೆ. ಚಳಿ ತಡೆಯಲಾರವು ಅಂದುಕೊಂಡಿದ್ದರು, ಆದರೆ ಹಿಮಾಲಯದ ತಪ್ಪಲಿನಲ್ಲೂ ಬದುಕುವ ಜಾತಿ ಇದು. ಮನೆ ಮನೆಯ ತೋಟದಲ್ಲಿ ಜನ ಹಕ್ಕಿಗೆ ಕಾಳು ಹಾಕುತ್ತಾರೆ, ಹಳೇ ಮರಗಳಲ್ಲಿ ಪೊಟರೆ ಇದೆ, ಹಿಡಿದು ತಿನ್ನುವ ಪ್ರಾಣಿ ಕಡಿಮೆ. ಇನ್ನೇನು ಬೇಕು?

ಅಂಗಡಿಯ ಮೂಲೆಯಲ್ಲಿ ಒಂದು ಜೋಡಿ ಕ್ವೇಕರ್ ಇದ್ದವು. ಮಾಂಕ್ ಪ್ಯಾರಕೀಟ್ ಅಂತಲೂ ಕರೆಯುತ್ತಾರೆ. ಹಸಿರು ಮೈ, ಬೂದು ಎದೆ, ಒಂದು ಕ್ಷಣ ಸುಮ್ಮನಿರದ ಹಕ್ಕಿ. ನಮ್ಮ ಹುಡುಗಿಯ ಮನಸ್ಸು ಅಲ್ಲೇ ಹೋಯಿತು. ಯಜಮಾನರು ಹತ್ತಿರ ಬಂದು, "ಅಕ್ಕಾ, ಇದು ಚಿಲಕ ತೆಗೆಯೋ ಹಕ್ಕಿ. ಮೊದಲ ಸಲ ಸಾಕೋರಿಗೆ ಇದನ್ನ ನಾನು ಕೊಡಲ್ಲ. ಒಂದೆರಡು ವರ್ಷ ಕಾಕಟೀಲ್ ಸಾಕಲಿ, ಆಮೇಲೆ ಬರ್ರಿ, ನೋಡೋಣ" ಅಂದರು. ಕಾಕಟೀಲ್‌ಗಿಂತ ಹಲವು ಪಟ್ಟು ಬೆಲೆಯ ಹಕ್ಕಿ. ಕೈಗೆ ಬಂದ ವ್ಯಾಪಾರ ಬಿಟ್ಟರು. ನನ್ನ ನಾಲ್ಕು ಸ್ಟಾರ್‌ನಲ್ಲಿ ಒಂದು ಪೂರ್ತಿ ಈ ಮಾತಿಗೇ.

ಈ ಕ್ವೇಕರ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಮ್ಮ ಜಿಲ್ಲೆಗೆ ಇದರಷ್ಟು ಚಿಂತೆ ಹುಟ್ಟಿಸುವ ಸಾಕು ಹಕ್ಕಿ ನನಗೆ ಬೇರೆ ಕಾಣುವುದಿಲ್ಲ. ಮೂಲ ಊರು ದಕ್ಷಿಣ ಅಮೆರಿಕ. ಅರ್ಜೆಂಟೀನಾ, ಉರುಗ್ವೆ, ಪರಾಗ್ವೆ ಕಡೆಯದು. ಬೇರೆ ಗಿಳಿಗಳಿಗೆ ಮೊಟ್ಟೆ ಇಡಲು ಮರದ ಪೊಟರೆ ಅಥವಾ ಅಂಥದ್ದೇ ಒಂದು ತೂತು ಬೇಕು. ಇದಕ್ಕೆ ಬೇಡ. ಕಡ್ಡಿ ತಂದು ತಾನೇ ಗೂಡು ಕಟ್ಟುತ್ತದೆ. ಅದೂ ಒಂದು ಜೋಡಿಗೆ ಒಂದು ಗೂಡಲ್ಲ, ಹತ್ತಾರು ಜೋಡಿ ಒಟ್ಟಿಗೆ ಸೇರಿ ದೊಡ್ಡ ಕಡ್ಡಿಯ ರಾಶಿಯನ್ನೇ ಕಟ್ಟುತ್ತವೆ, ವರ್ಷವರ್ಷ ಅದಕ್ಕೆ ಸೇರಿಸುತ್ತಾ ಹೋಗುತ್ತವೆ, ಹಳೇ ಗೂಡು ನೂರು ಕೆಜಿ ದಾಟುವುದೂ ಉಂಟು. ಮರ ಸಿಗದಿದ್ದರೆ ಲೈಟ್ ಕಂಬ, ಟವರ್, ಕರೆಂಟಿನ ಟ್ರಾನ್ಸ್‌ಫಾರ್ಮರ್ ಮೇಲೆ ಕಟ್ಟುತ್ತವೆ. ಅಮೆರಿಕದ ಫ್ಲೋರಿಡಾದಲ್ಲಿ ಈ ಗೂಡುಗಳಿಂದ ಶಾರ್ಟ್ ಆಗಿ ಕರೆಂಟ್ ಹೋಗುವುದು, ಬೆಂಕಿ ಬೀಳುವುದು ನಡೆದಿದೆ. ವಿದ್ಯುತ್ ಕಂಪನಿಯವರು ಕಿತ್ತು ಹಾಕಿದರೆ ಮತ್ತೆ ಅಲ್ಲೇ ಕಟ್ಟುತ್ತವೆ.

ಸ್ಪೇನ್ ದೇಶದ ಕಥೆ ಇನ್ನೂ ನೋಡಬೇಕು. ಅಲ್ಲಿ ಇದನ್ನು ಸಾಕಲು ರಾಶಿ ರಾಶಿ ತರಿಸಿಕೊಂಡರು. ಬೇಜಾರಾದವರು, ಗಲಾಟೆ ತಡೆಯದವರು ಕಿಟಕಿ ತೆಗೆದು ಬಿಟ್ಟರು. 2011ರಲ್ಲಿ ಸರ್ಕಾರ ಮಾರಾಟ ನಿಲ್ಲಿಸಿತು, ಆದರೆ ಅಷ್ಟರಲ್ಲಿ ಹಕ್ಕಿ ಊರು ಹಿಡಿದಾಗಿತ್ತು. 2019ರ ಹೊತ್ತಿಗೆ ಮ್ಯಾಡ್ರಿಡ್ ಒಂದೇ ನಗರದಲ್ಲಿ ಸುಮಾರು 12,000 ಇದ್ದವು. ಕೊನೆಗೆ ನಗರದ ಆಡಳಿತವೇ ಅವನ್ನು ಹಿಡಿದು ಕೊಂದು ಸಂಖ್ಯೆ ಇಳಿಸುತ್ತೇವೆ ಎಂದು ಹೇಳಬೇಕಾಯಿತು. ನನಗೆ ಇದು ಓದಿದಾಗ ಹೊಟ್ಟೆ ಚುರುಕ್ ಅಂದಿತ್ತು. ಹಕ್ಕಿಯ ತಪ್ಪು ಏನಿದೆ? ಅದನ್ನು ತಂದವರು ನಾವು, ಬಿಟ್ಟವರು ನಾವು, ಸಾಯುವುದು ಅದು. ಬ್ರಿಟನ್ ಸ್ವಲ್ಪ ಬೇಗ ಎಚ್ಚೆತ್ತಿತು. ಕ್ವೇಕರ್‌ಗಳು ನೂರರ ಆಸುಪಾಸಿನಲ್ಲಿದ್ದಾಗಲೇ, 2011ರಲ್ಲಿ, ಹೊರಗಿರುವುದನ್ನೆಲ್ಲ ತೆಗೆಯಲು ತೀರ್ಮಾನಿಸಿತು.

ಈ ಹಕ್ಕಿ ತನ್ನ ಮೂಲ ಊರಿನಲ್ಲಿ ರೈತರ ಯಾವ ಬೆಳೆಗೆ ಬೀಳುತ್ತದೆ ಗೊತ್ತಾ? ಮೆಕ್ಕೆಜೋಳ, ಸೂರ್ಯಕಾಂತಿ. ದಾವಣಗೆರೆ ಅಂದರೆ ಮೆಕ್ಕೆಜೋಳ, ಚಿತ್ರದುರ್ಗದ ಕಡೆ ಹೋದರೆ ಸೂರ್ಯಕಾಂತಿಯೂ ಸಿಗುತ್ತದೆ. ನಮ್ಮ ರೈತರು ಈಗಲೇ ನಮ್ಮದೇ ಗಿಳಿಗೆ ಡಬ್ಬ ಬಡಿದು, ಕವಣೆ ಬೀಸಿ, ಹೊಲದ ತುಂಬ ಹೊಳೆಯುವ ರಿಬ್ಬನ್ ಕಟ್ಟಿ ಸುಸ್ತಾಗಿದ್ದಾರೆ. ಅದಾದರೂ ಇಲ್ಲಿಯದೇ ಜೀವ, ಅದರ ಪಾಲು ಅಂತ ಒಂದು ಲೆಕ್ಕ ಇದೆ. ಇನ್ನೊಂದು ದೇಶದ ಗಿಳಿ ಪೇಟೆಯ ಕಂಬದಲ್ಲಿ ಮನೆ ಮಾಡಿ ಬೆಳಿಗ್ಗೆ ಆನಗೋಡು, ಹದಡಿ ಕಡೆ ಹೊಲಕ್ಕೆ ಹೊರಟರೆ ಯಾರಿಗೆ ಹೇಳುವುದು?

ಇಲ್ಲಿ ಒಂದು ಮಾತು ಸರಿಯಾಗಿ ಹೇಳಬೇಕು. ತಪ್ಪಿಸಿಕೊಂಡ ಹಕ್ಕಿಗಳಲ್ಲಿ ಹೆಚ್ಚಿನವು ಬದುಕುವುದಿಲ್ಲ. ಪಂಜರದಲ್ಲೇ ಹುಟ್ಟಿದ್ದಕ್ಕೆ ಕಾಳು ಹುಡುಕಲು ಬರಲ್ಲ, ಗಿಡುಗ ಕಂಡರೆ ಅಡಗಲು ಬರಲ್ಲ. ಕಾಗೆಗಳು ಅಟ್ಟಾಡಿಸುತ್ತವೆ. ನಮ್ಮ ಬಡಾವಣೆಯಲ್ಲಿ ಒಂದು ಹಳದಿ ಬಡ್ಜಿ, ನಮ್ಮ ಕಡೆ ಲವ್ ಬರ್ಡ್ಸ್ ಅಂತಾರಲ್ಲ ಅದು, ಗುಬ್ಬಿಗಳ ಜೊತೆ ಕಾಳು ತಿನ್ನುತ್ತಿತ್ತು. ಆಮೇಲೆ ಕಾಣಲೇ ಇಲ್ಲ. ಒಂದು ಹಕ್ಕಿ ಹೋದರೆ ಅದೊಂದು ಜೀವದ ಸಾವು. ಆದರೆ ಒಂದೇ ಊರಿನಲ್ಲಿ ಒಂದೇ ಜಾತಿ ಮತ್ತೆ ಮತ್ತೆ ತಪ್ಪಿಸಿಕೊಳ್ಳುತ್ತಾ ಹೋದರೆ, ಬದುಕಿದ ಕೆಲವು ಒಂದಕ್ಕೊಂದು ಸಿಕ್ಕರೆ, ಆಗ ಹಿಂಡು ಶುರುವಾಗುತ್ತದೆ. ಎಷ್ಟು ಸಲ, ಎಷ್ಟು ಹಕ್ಕಿ ಹೊರಗೆ ಹೋಗುತ್ತವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕಾಡಿನಿಂದ ಹಿಡಿದು ತಂದ ಹಕ್ಕಿಗಳು ಪಂಜರದಲ್ಲಿ ಹುಟ್ಟಿದವಕ್ಕಿಂತ ಸುಲಭವಾಗಿ ನೆಲೆ ಕಾಣುತ್ತವೆ. ಯುರೋಪ್ ಒಕ್ಕೂಟ ಹಕ್ಕಿಜ್ವರದ ಭಯಕ್ಕೆ 2005ರಲ್ಲಿ ಕಾಡು ಹಕ್ಕಿಗಳ ಆಮದು ನಿಲ್ಲಿಸಿತು, 2007ರಲ್ಲಿ ಅದನ್ನೇ ಕಾಯಂ ಮಾಡಿತು. ರೋಗಕ್ಕೆ ಹೆದರಿ ತಂದ ನಿಯಮದಿಂದ ಈ ಬಾಗಿಲೂ ಅರ್ಧ ಮುಚ್ಚಿತು.

ಎಲ್ಲ ಕಡೆ ಒಂದೇ ಥರ ಆಗುವುದಿಲ್ಲ ಅನ್ನುವುದೂ ನಿಜ. ಫ್ಲೋರಿಡಾದ ಕರಾವಳಿಯಲ್ಲಿ ಒಂದು ಕಾಲಕ್ಕೆ ಸಾವಿರಾರು ಬಡ್ಜಿಗಳು ಹೊರಗೆ ಬದುಕಿದ್ದವು, ಈಗ ಹೆಚ್ಚುಕಮ್ಮಿ ಇಲ್ಲವಾಗಿವೆ. ಹಾಂಗ್‌ಕಾಂಗ್‌ನಲ್ಲಿ ಹಳದಿ ಜುಟ್ಟಿನ ಕಾಕಟೂ ಇನ್ನೂರರಷ್ಟು ಇವೆ. ಸಾಕಿದವರ ಕೈಯಿಂದ ಹೋದವುಗಳ ವಂಶ ಅದು. ಇಂಡೋನೇಷ್ಯಾ ಕಡೆಯ ತಮ್ಮ ಸ್ವಂತ ಕಾಡಿನಲ್ಲಿ ಅವು ಅಳಿಯುವ ಹಂತಕ್ಕೆ ಬಂದಿರುವುದರಿಂದ, ಈ ಪೇಟೆಯ ಹಿಂಡಿಗೇ ಈಗ ಬೆಲೆ ಬಂದಿದೆ. ಆದರೆ ಇದನ್ನೇ ನೆಪ ಮಾಡಿಕೊಂಡು ಪಂಜರ ತೆಗೆದಿಡುವುದು ಸರಿಯಲ್ಲ. ಸ್ಪೇನಿನ ಸೆವಿಲ್ಲಾದ ಒಂದು ಪಾರ್ಕಿನಲ್ಲಿ ಆಗಿದ್ದು ಬೇರೆ. ಅಲ್ಲಿ ನಮ್ಮ ಗಿಳಿಗಳು ಮರದ ಪೊಟರೆಗಾಗಿ ದೊಡ್ಡ ಜಾತಿಯ ಅಪರೂಪದ ಬಾವಲಿಗಳ ಮೇಲೆ ಬಿದ್ದವು. ಕಚ್ಚಿ ಓಡಿಸಿದವು, ಕೊಂದವು. 14 ವರ್ಷದಲ್ಲಿ ಬಾವಲಿ ಇದ್ದ ಮರಗಳ ಸಂಖ್ಯೆ ಶೇ 81ರಷ್ಟು ಇಳಿದಿತ್ತು ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ನಮ್ಮಲ್ಲಿ ಪೊಟರೆ ನಂಬಿದ ಜೀವಗಳು ಎಷ್ಟಿವೆ ನೋಡಿ. ಗೊರವಂಕ, ಹಾಲಕ್ಕಿ, ಚಂದ್ರಮುಕುಟ, ನಮ್ಮ ರಾಜ್ಯದ ಹಕ್ಕಿ ನೀಲಕಂಠ. ರಸ್ತೆ ಅಗಲ ಮಾಡಲು ಹಳೇ ಮರ ಕಡಿಯುತ್ತಾ ಬಂದಿದ್ದೇವೆ, ಉಳಿದಿರುವ ಪೊಟರೆಯೇ ಕಡಿಮೆ. ಅದಕ್ಕೆ ಇನ್ನೊಬ್ಬ ಪಾಲುದಾರ ಬೇಡ.

ಸರಿ, ಅಂಗಡಿಗೆ ಬರೋಣ.

ಗಲ್ಲಾಪೆಟ್ಟಿಗೆಯ ಮೇಲೆ ಒಂದು ರಟ್ಟಿನ ಬೋರ್ಡ್ ಇದೆ. "ಹಾರಿ ಬಿಡುವುದಕ್ಕೆ ಹಕ್ಕಿ ಕೊಡುವುದಿಲ್ಲ." ನಾವಿದ್ದಾಗಲೇ ಒಬ್ಬರು ಬಂದು, ಕಾರ್ಯಕ್ರಮದಲ್ಲಿ ಗಣ್ಯರ ಕೈಯಿಂದ ಬಿಡಿಸಲು ಲವ್ ಬರ್ಡ್ಸ್ ಬೇಕು, ಬಣ್ಣ ಬಣ್ಣದವು, ಎಷ್ಟಾದರೂ ಆಗಲಿ ಅಂದರು. ಯಜಮಾನರು ಬೋರ್ಡ್ ತೋರಿಸಿದರು. "ಸರ್, ಸಂಜೆ ಒಳಗೆ ಅರ್ಧ ಸಾಯ್ತವೆ. ಇದರಿಂದ ನಿಮಗೂ ಪುಣ್ಯ ಬರಲ್ಲ, ನನಗೂ ಬರಲ್ಲ." ಆ ಮನುಷ್ಯ ಮುನಿಸಿಕೊಂಡು ಹೋದರು, ಇನ್ನೊಂದು ಕಡೆ ಸಿಕ್ಕಿಯೂ ಇರಬಹುದು. ಆದರೂ ಒಂದು ಅಂಗಡಿ ಬೇಡ ಅಂದಿದ್ದಕ್ಕೆ ಬೆಲೆ ಇದೆ. ಹುಟ್ಟುಹಬ್ಬ, ಉದ್ಘಾಟನೆ, ಯಾವುದಕ್ಕೇ ಆಗಲಿ, ಪಂಜರದ ಹಕ್ಕಿಯನ್ನು ಒಮ್ಮೆಗೇ ಹಿಂಡಾಗಿ ಬಿಡುವುದು ನನಗೆ ಕ್ರೌರ್ಯವಾಗಿಯೇ ಕಾಣುತ್ತದೆ. ಮೇಲಾಗಿ, ಹಿಂಡಾಗಿ ಬಿಟ್ಟಾಗಲೇ ಅಲ್ವಾ ಒಂದಕ್ಕೊಂದು ಜೋಡಿ ಸಿಗುವುದು?

ಮಾತಾಡುವ ಹಸಿರು ಗಿಳಿ ಇದೆಯಾ ಅಂತ ಇನ್ನೊಬ್ಬರು ಕೇಳಿದರು. ಅದಕ್ಕೂ ಇಲ್ಲ ಅಂದರು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮ ದೇಶದ ಗಿಳಿ ಮಾರುವುದೂ ತಪ್ಪು, ಸಾಕುವುದೂ ತಪ್ಪು. ಎಷ್ಟೋ ಮನೆಯ ಹಜಾರದಲ್ಲಿ ಇವತ್ತಿಗೂ ತಗಡಿನ ಪಂಜರದಲ್ಲಿ ಅದು ಕೂತಿರುತ್ತದೆ, ಮನೆಯವರಿಗೆ ತಪ್ಪು ಅನ್ನುವುದೇ ಗೊತ್ತಿರುವುದಿಲ್ಲ.

ಕಾಗದಪತ್ರದ ವಿಷಯದಲ್ಲಿ ಅಂಗಡಿ ಅರ್ಧ ಪಾಸ್. 2018ರ ಪೆಟ್ ಶಾಪ್ ನಿಯಮದಂತೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ಮಾಡಿಸಿದ ನೋಂದಣಿ ಪತ್ರ ಗೋಡೆಯ ಮೇಲಿದೆ. ಕ್ವೇಕರ್, ಸನ್ ಕಾನ್ಯೂರ್ ಅನ್ನುವ ಹಳದಿ ಗಿಳಿ, ಇಂಥ ಹಕ್ಕಿ ಕೊಂಡರೆ, ಅದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸುವುದು ಹೇಗೆ ಅಂತ ಅವರೇ ಕೂರಿಸಿಕೊಂಡು ಹೇಳುತ್ತಾರೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂತು, 2024ರಲ್ಲಿ ಅದರ ನಿಯಮ ಬಂತು. ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಹೊರದೇಶದ ಪ್ರಾಣಿ ಹಕ್ಕಿ ಮನೆಯಲ್ಲಿದ್ದರೆ ಸರ್ಕಾರಕ್ಕೆ ತಿಳಿಸಲೇಬೇಕು. ಹೆಚ್ಚುಕಮ್ಮಿ ಎಲ್ಲ ಗಿಳಿಗಳೂ ಆ ಪಟ್ಟಿಯಲ್ಲಿವೆ. ಹೊರದೇಶದ ಗಿಳಿಗಳಲ್ಲಿ ಬಡ್ಜಿ, ಕಾಕಟೀಲ್, ಪೀಚ್ ಬಣ್ಣದ ಮುಖದ ಅಸಲಿ ಲವ್ ಬರ್ಡ್ ಮಾತ್ರ ಪಟ್ಟಿಯಿಂದ ಹೊರಗಿವೆ.

ತೊಂದರೆ ಇರುವುದು ಆ ಹೊರಗಿರುವ ಹಕ್ಕಿಗಳ ಕಡೆ. ಊರಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಮಾರಾಟವಾಗುವುದೇ ಅವು. ಅವಕ್ಕೆ ಕಾಲುಂಗುರವೂ ಇಲ್ಲ, ಬಿಲ್ಲಿನಲ್ಲಿ ವಿವರವೂ ಇಲ್ಲ. ನಮ್ಮ ಬಿಲ್ಲಿನಲ್ಲಿ "ಹಕ್ಕಿ 2, ಪಂಜರ 1" ಅಂತ ಅಷ್ಟೇ ಇತ್ತು. ಕಾಲುಂಗುರ ಅಂದರೆ ಮರಿ ಒಂದೆರಡು ವಾರದ್ದಿರುವಾಗ ಕಾಲಿಗೆ ತೂರಿಸುವ ಸಣ್ಣ ಅಲ್ಯೂಮಿನಿಯಂ ಬಳೆ. ಅದರ ಮೇಲೆ ನಂಬರ್ ಇರುತ್ತದೆ. ಕಾಲು ಬೆಳೆದ ಮೇಲೆ ಅದು ಜಾರಿ ಬರುವುದಿಲ್ಲ. ಹಕ್ಕಿ ತಪ್ಪಿಸಿಕೊಂಡು ಯಾರದೋ ಮನೆಯ ಕಿಟಕಿಗೆ ಬಂದು ಕೂತರೆ ಯಾರದು ಅಂತ ಗೊತ್ತಾಗಲು ಇರುವ ಸುಲಭದ ದಾರಿ ಅದು. ಕ್ವೇಕರ್‌ಗೆ ಇದೆ, ಕಾನ್ಯೂರ್‌ಗೆ ಇದೆ, ಕಾಕಟೀಲ್‌ಗೆ ಯಾಕಿಲ್ಲ? ಕೇಳಿದರೆ, ಮರಿ ಮಾಡಿಸುವವರು ಕಡಿಮೆ ಬೆಲೆಯ ಹಕ್ಕಿಗೆ ಹಾಕಿ ಕೊಡಲ್ಲ ಅಂದರು. ನೂರು ರೂಪಾಯಿ ಜಾಸ್ತಿ ತಗೊಂಡು ಹಾಕಿಸಿ ಕೊಡಿ, ಕೊಡುವವರು ಇದ್ದಾರೆ, ಅಂದೆ. ಬರೆದುಕೊಂಡಿದ್ದಾರೆ.

ಎರಡನೇ ತಕರಾರು ಪಂಜರದ್ದು. ಇವರು ಹಕ್ಕಿಯ ಜೊತೆ ಕೊಡುವ ಪಂಜರದ ಬಾಗಿಲು ಮೇಲಕ್ಕೆ ಎತ್ತಿ ತೆಗೆಯುವ ಥರದ್ದು. ಚಿಲಕವೇ ಇಲ್ಲ, ಬಾಗಿಲಿನ ತೂಕಕ್ಕೇ ಕೆಳಗೆ ನಿಂತಿರುತ್ತದೆ. ಗಿಳಿಗೆ ಕೊಕ್ಕು ಅನ್ನುವುದು ಮೂರನೇ ಕೈ. ತಂತಿ ಕಚ್ಚಿ ಎತ್ತಿ, ತಲೆ ತೂರಿಸಿ, ಹೊರಗೆ ಬರಲು ಕಾಕಟೀಲ್‌ಗೂ ಹೆಚ್ಚು ಹೊತ್ತು ಬೇಡ. ಕಾಳಿನ ಬಟ್ಟಲು ಇಡುವ ಪಕ್ಕದ ಸಣ್ಣ ಬಾಗಿಲುಗಳು ಇನ್ನೂ ಸಡಿಲ, ಜನ ಅವುಗಳನ್ನು ಮರೆತೇಬಿಡುತ್ತಾರೆ. ಇಷ್ಟು ಎಚ್ಚರದ ಅಂಗಡಿಯಲ್ಲಿ ಇಂಥ ಪಂಜರ ಯಾಕೆ ಅನ್ನಿಸಿತು. ನಾವು ಹಾರ್ಡ್‌ವೇರ್ ಅಂಗಡಿಯಿಂದ ಸ್ಪ್ರಿಂಗ್ ಕೊಂಡಿ ತಂದು ದೊಡ್ಡ ಬಾಗಿಲಿಗೂ ಎರಡು ಸಣ್ಣ ಬಾಗಿಲಿಗೂ ಹಾಕಿದ್ದೇವೆ. ದೊಡ್ಡ ಖರ್ಚಲ್ಲ. ಅದನ್ನು ಇವರೇ ಪಂಜರದ ಜೊತೆ ಕೊಡಬೇಕು, ಬೇಕಾದರೆ ಬೆಲೆಗೆ ಸೇರಿಸಿಕೊಳ್ಳಲಿ. ಐದನೇ ಸ್ಟಾರ್ ಹೋಗಿದ್ದು ಇಲ್ಲೇ.

ರೆಕ್ಕೆ ಕತ್ತರಿಸಿ ಕೊಡುವ ಸೇವೆಯೂ ಇದೆ. ನಾನು ಬೇಡ ಅಂದೆ. ಯಜಮಾನರೂ ಒತ್ತಾಯ ಮಾಡಲಿಲ್ಲ. ಕತ್ತರಿಸಿದ ಗರಿ ಉದುರಿ ಹೊಸದು ಬರುತ್ತದೆ, ಬಂದಿದ್ದು ಮನೆಯವರಿಗೆ ಗೊತ್ತಾಗುವುದಿಲ್ಲ, ರೆಕ್ಕೆ ಕತ್ತರಿಸಿದೆಯಲ್ಲ ಅನ್ನುವ ಧೈರ್ಯದಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ಅಂಗಳಕ್ಕೆ ಬರುತ್ತಾರೆ, ಒಂದು ಗಾಳಿ ಬೀಸಿದರೆ, ಒಂದು ಬೈಕಿನ ಹಾರ್ನ್ ಕೇಳಿದರೆ ಹಕ್ಕಿ ಬೆದರಿ ಎದುರು ಮನೆಯ ಮಾಡಿನ ಮೇಲಿರುತ್ತದೆ. ಅರ್ಧ ರೆಕ್ಕೆಯಲ್ಲಿ ವಾಪಸ್ ಬರಲೂ ಆಗುವುದಿಲ್ಲ. ಗಟ್ಟಿ ಕೊಂಡಿ ಮತ್ತು ಮುಚ್ಚಿದ ಕಿಟಕಿ ಸಾಕು.

ಒಳ್ಳೆಯದು ಇನ್ನೂ ಇದೆ. ಹೊಸದಾಗಿ ಬಂದ ಹಕ್ಕಿಗಳನ್ನು ಬೇರೆ ಕೋಣೆಯಲ್ಲಿಟ್ಟು ನೋಡಿದ ಮೇಲೇ ಮಾರಾಟಕ್ಕೆ ತರುತ್ತಾರೆ. ಗಿಳಿಗಳಿಗೆ ಕೊಕ್ಕು ಮತ್ತು ಪುಕ್ಕ ಕೆಡಿಸುವ ಒಂದು ವೈರಸ್ ಇದೆ. ಸಾಕು ಹಕ್ಕಿಗಳ ವ್ಯಾಪಾರದ ಜೊತೆಗೇ ಅದು ದೇಶದಿಂದ ದೇಶಕ್ಕೆ ಹಬ್ಬಿದೆ. ತಪ್ಪಿಸಿಕೊಂಡ ಒಂದು ಹಕ್ಕಿ ನಮ್ಮ ಗಿಳಿಗಳ ಹಿಂಡಿಗೆ ಅದನ್ನು ಕೊಡಬಹುದು, ಹಾಗಾಗಿ ಈ ಬೇರೆ ಕೋಣೆಯೂ ಸಣ್ಣ ವಿಷಯವಲ್ಲ. ಕಾಳು ತಾಜಾ ಇದೆ. ಹೊಸದುರ್ಗ ಕಡೆಯ ನವಣೆ, ಸಜ್ಜೆ ಬಿಡಿಯಾಗಿ ತೂಕ ಮಾಡಿ ಕೊಡುತ್ತಾರೆ, ನಮ್ಮ ಜೋಡಿಗೆ ಪ್ಯಾಕೆಟ್ಟಿನ ಮಿಶ್ರಣಕ್ಕಿಂತ ಅದೇ ಇಷ್ಟ. ಸಂಜೆ ರಶ್ ಇರುತ್ತದೆ, ಆಗ ಮಾತಾಡಲು ಯಜಮಾನರಿಗೆ ಪುರುಸೊತ್ತಿಲ್ಲ, ಹುಡುಗರೇ ವ್ಯಾಪಾರ ಮಾಡುತ್ತಾರೆ. ಅವರಲ್ಲಿ ಒಬ್ಬ ಗಿರಾಕಿಗೆ, "ಸಾಕಾದ್ರೆ ಗಾಜಿನ ಮನೆ ಕಡೆ ಬಿಟ್ಟುಬಿಡ್ರಿ, ಕೆರೆ ಐತಿ, ಬದುಕ್ಕೊಂತಾವ" ಅಂದಿದ್ದನ್ನು ನನ್ನ ಕಿವಿಯಲ್ಲೇ ಕೇಳಿದೆ. ಯಜಮಾನರಿಗೆ ಅಲ್ಲೇ ಹೇಳಿದೆ. ಅವರು ಹುಡುಗನನ್ನು ಕರೆದು ಎಲ್ಲರ ಮುಂದೆ ಬೈಯಲಿಲ್ಲ, ಪಕ್ಕಕ್ಕೆ ಕರೆದು ತಿಳಿಸಿ ಹೇಳಿದರು. ಗಾಜಿನ ಮನೆ ಪಕ್ಕದ ಕುಂದವಾಡ ಕೆರೆಯ ದಡ ಸಾಕಾದ ಹಕ್ಕಿ ಬಿಡುವ ಜಾಗ ಅಲ್ಲ ಅನ್ನುವುದು ಕೆಲಸದ ಹುಡುಗರಿಗೂ ಬಾಯಿಪಾಠ ಆಗಬೇಕು.

ಆ ಗಿರಾಕಿಗೆ ಯಜಮಾನರು ಹೇಳಿದ ಉತ್ತರ ಇನ್ನೊಂದಿತ್ತು, ಈ ಅಂಗಡಿಯ ದೊಡ್ಡ ಗುಣ ನನಗೆ ಅದೇ. ಇಲ್ಲಿ ಕೊಂಡ ಹಕ್ಕಿ ಸಾಕಲು ಆಗದಿದ್ದರೆ ವಾಪಸ್ ತಗೊಳ್ಳುತ್ತಾರೆ. ಊರು ಬಿಟ್ಟು ಹೋಗುವವರು, ಬಾಡಿಗೆ ಮನೆಯ ಮಾಲೀಕರು ಒಪ್ಪದವರು, ಮಗುವಿಗೆ ಉಬ್ಬಸ ಬಂದವರು, ಯಾರೇ ಆಗಲಿ. ಯಾಕೆ ಏನು ಅಂತ ಕೇಳಲ್ಲ. ಬೇರೆ ಕಡೆ ಕೊಂಡಿದ್ದಾದರೆ ಜಾಗ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಬೇಕು. ದುಡ್ಡು ವಾಪಸ್ ಇಲ್ಲ. ಪಂಜರ ಗಟ್ಟಿ ಇದ್ದರೆ ಅದಕ್ಕೆ ಸ್ವಲ್ಪ ಕೊಡುತ್ತಾರೆ. ಬೆಳಿಗ್ಗೆ ಹೊತ್ತು, ಗಿರಾಕಿ ಕಡಿಮೆ ಇರುವಾಗ ತನ್ನಿ ಅನ್ನುತ್ತಾರೆ. ಪಂಜರದ ಮೇಲೆ ಬಟ್ಟೆ ಮುಚ್ಚಿ, ಬಾಗಿಲಿಗೆ ದಾರ ಕಟ್ಟಿ ತನ್ನಿ ಅಂತಲೂ ಹೇಳುತ್ತಾರೆ.